ಏಳರ ತರಗತಿ, ಏಳೂ ಐವತ್ತರ ಬಸ್ಸು

2024ರ ಫೆಬ್ರವರಿಯ ಒಂದು ಬೆಳಿಗ್ಗೆ ಮಲೆನಾಡಿನ ತಾಲ್ಲೂಕು ನ್ಯಾಯಾಲಯವೊಂದರಲ್ಲಿ ನಲವತ್ತನಾಲ್ಕು ವರ್ಷದ ಹೆಂಗಸೊಬ್ಬರು ಮೋಟಾರು ವಾಹನ ಕಾಯ್ದೆಯ ಆರೋಪಿಯಾಗಿ ಕೈಮುಗಿದು ನಿಂತಿದ್ದರು. ಅವರು ಹುಟ್ಟಿದಂದಿನಿಂದ ಆ ದಿನದವರೆಗೆ ಸೈಕಲ್ಲನ್ನೂ ತುಳಿದವರಲ್ಲ. ಸ್ಕೂಟರಿನ ಹಿಂದೆ ಕೂರುವಾಗಲೂ ಒಂದು ಕೈಯಲ್ಲಿ ಗಂಡನ ಅಂಗಿಯನ್ನು, ಇನ್ನೊಂದು ಕೈಯಲ್ಲಿ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿಯುವವರು. ಗಾಡಿ ಓಡಿಸಿದ್ದು ಮಗಳು. ಕಲಿಸಿ ಕೀಲಿಕೈ ಕೊಟ್ಟದ್ದು ಗಂಡ. ಆದರೆ ಕೊಳ್ಳುವಾಗ ‘ಮನೆಯವಳ ಹೆಸರಿಗಿದ್ದರೆ ಒಳ್ಳೆಯದು’ ಎಂದು ಗಂಡ ಆರ್‌ಸಿಯಲ್ಲಿ ಬರೆಸಿದ್ದು ಇವರ ಹೆಸರನ್ನು. ತಪ್ಪೊಪ್ಪಿಕೊಳ್ಳುತ್ತೀರಾ ಎಂದು ಕೇಳಿದಾಗ ‘ಹೌದು ಸ್ವಾಮಿ’ ಎಂದರು. ದಂಡ 25,000 ರೂಪಾಯಿ. ಅಂದಿನ ಧಾರಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಕ್ವಿಂಟಾಲ್ ರಾಶಿ ಅಡಿಕೆ.

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹುಡುಗಿ ನನ್ನ ವಿದ್ಯಾರ್ಥಿನಿ, ಪ್ರಥಮ ಪಿಯುಸಿ ವಿಜ್ಞಾನ. ನಾನು ಗಣಿತದ ಉಪನ್ಯಾಸಕ. ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೆ ಹುಡುಗಿ ಯಾರೆಂದು ಅರ್ಧ ತಾಲ್ಲೂಕಿಗೆ ತಿಳಿಯುತ್ತದೆ, ಉಳಿದರ್ಧಕ್ಕೆ ಸಂಜೆಯೊಳಗೆ ಗೊತ್ತಾಗುತ್ತದೆ. ಕುಟುಂಬದವರ ಒಪ್ಪಿಗೆ ಪಡೆದೇ ಇದನ್ನು ದಾಖಲಿಸುತ್ತಿದ್ದೇನೆ. ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು: ಆ ಹುಡುಗಿ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಮನೆ ಬಿಟ್ಟು ಯಾವ ಸಿಇಟಿ ತರಗತಿಗಾಗಿ ಸ್ಕೂಟರಿನಲ್ಲಿ ಬರುತ್ತಿದ್ದಳೋ, ಆ ತರಗತಿಯ ವೇಳಾಪಟ್ಟಿಯನ್ನು ಬರೆದವನು ನಾನೇ.

ದಾರಿ ಮತ್ತು ಹೊತ್ತು

ಅವರ ಮನೆ ತೋಟದ ನಡುವೆ. ಮನೆಯಿಂದ ಬಸ್ಸು ನಿಲ್ಲುವ ಕೈಮರಕ್ಕೆ ಎರಡೂವರೆ ಕಿಲೋಮೀಟರ್, ಅದರಲ್ಲಿ ಅರ್ಧ ಜಂಬಿಟ್ಟಿಗೆಯ ಮಣ್ಣಿನ ದಾರಿ. ಕೈಮರದಿಂದ ಪೇಟೆಗೆ ಎಂಟು ಕಿಲೋಮೀಟರ್ ಡಾಂಬರು ರಸ್ತೆ, ನಡುವೆ ಎರಡು ಕಡಿದಾದ ಏರು. ಬೆಳಗಿನ ಮೊದಲ ಬಸ್ಸು ಕೈಮರಕ್ಕೆ ಬರುವುದು ಏಳೂ ಐವತ್ತಕ್ಕೆ, ಪೇಟೆ ಮುಟ್ಟುವುದು ಎಂಟೂ ಇಪ್ಪತ್ತಕ್ಕೆ. ಸಂಜೆ ಕೊನೆಯದು ಐದೂ ನಲವತ್ತಕ್ಕೆ. ಕಾಲೇಜಿನ ಪಾಠ ಒಂಬತ್ತೂವರೆಯಿಂದ ನಾಲ್ಕೂವರೆಯವರೆಗೆ. ಇಷ್ಟೇ ಆಗಿದ್ದರೆ ಬಸ್ಸು ಸಾಕಾಗುತ್ತಿತ್ತು. ಆದರೆ ಸಿಇಟಿ ತರಗತಿ ಶುರುವಾಗುವುದು ಬೆಳಿಗ್ಗೆ ಏಳಕ್ಕೆ, ಮತ್ತು ವಾರಕ್ಕೆರಡು ದಿನ ಸಂಜೆಯ ವಿಶೇಷ ತರಗತಿ ಮುಗಿಯುವುದು ಆರಕ್ಕೆ. ಬಸ್ಸಿನ ಹಗಲು ಚಿಕ್ಕದು, ವಿದ್ಯಾರ್ಥಿಯ ಹಗಲು ದೊಡ್ಡದು. ಎರಡೂ ತುದಿಯಲ್ಲಿ ಒಂದಿಷ್ಟು ಹೊತ್ತು ಹೊರಗೆ ಉಳಿಯುತ್ತದೆ. ಅಲ್ಲಿಯೇ ಸ್ಕೂಟರ್ ಬಂದು ನಿಲ್ಲುವುದು.

ಹಿಂದೆ ಹೀಗಿರಲಿಲ್ಲ. ಅದೇ ಕೈಮರದಲ್ಲಿ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಒಂದು ಬಸ್ಸಿತ್ತು. ಹಾಲಿನ ಕ್ಯಾನು, ಹೂವಿನ ಬುಟ್ಟಿ, ಪೇಪರಿನ ಕಟ್ಟುಗಳ ಜೊತೆಗೆ ಹಿಂದಿನ ಸೀಟಿನಲ್ಲಿ ನಮ್ಮ ಕಾಲೇಜಿನ ಮಕ್ಕಳು ತೂಕಡಿಸುತ್ತ ಬರುತ್ತಿದ್ದರು. ಕೋವಿಡ್ ಕಾಲದಲ್ಲಿ ನಿಂತ ಆ ಬಸ್ಸು ಮರಳಿ ಬರಲಿಲ್ಲ. ಮಲೆನಾಡಿನ ಬಸ್ಸುಗಳ ಕಷ್ಟ ಕೋವಿಡ್‌ನಿಂದಲೇ ಆರಂಭವಾದದ್ದೂ ಅಲ್ಲ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿ, ಸುತ್ತಲಿನ ಹಳ್ಳಿಗಳಿಗೆ ಮೂರು ದಶಕ ಕಾಲ ಓಡಿಸಿದ ‘ಸಹಕಾರ ಸಾರಿಗೆ’ ಲಾಕ್‌ಡೌನಿಗಿಂತ ಒಂದು ತಿಂಗಳು ಮೊದಲೇ, 2020ರ ಫೆಬ್ರವರಿಯಲ್ಲಿ ನಿಂತುಹೋಗಿತ್ತು. ಆ ಬಸ್ಸುಗಳು ನಮ್ಮ ದಾರಿಯಲ್ಲಿ ಬರುತ್ತಿರಲಿಲ್ಲ. ಆದರೂ ಅವು ನಿಂತ ಸುದ್ದಿ ಓದಿದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ನಮ್ಮಲ್ಲಿ ಹಲವರು ಇಂಥ ಬಸ್ಸುಗಳಲ್ಲಿ ರಿಯಾಯಿತಿ ಪಾಸು ತೋರಿಸಿಯೇ ಪದವಿ ಮುಗಿಸಿದವರು.

2023ರ ಜೂನ್ 11ರಿಂದ ಸರ್ಕಾರದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಉಚಿತ ಪ್ರಯಾಣ. ನಮ್ಮ ಹುಡುಗಿ ಪಿಯುಸಿಗೆ ಸೇರಿದ್ದೂ ಅದೇ ತಿಂಗಳು. ಆದರೆ ಈ ದಾರಿಯಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಇರುವ ಒಂದೇ ಸರ್ಕಾರಿ ಬಸ್ಸು ಕೈಮರಕ್ಕೆ ಒಂಬತ್ತೂ ಐದಕ್ಕೆ ಬರುತ್ತದೆ. ಟಿಕೆಟ್ ಉಚಿತ, ಮೊದಲ ಪೀರಿಯಡ್ಡಿನ ಹಾಜರಿ ಖೋತಾ.

ಅಂಗಳದಿಂದ ರಸ್ತೆಗೆ

ಹದಿನೆಂಟು ತುಂಬದವರ ಕೈಗೆ ಒಂದು ಶುಭದಿನ ನೋಡಿ ಯಾರೂ ವಾಹನ ಕೊಡುವುದಿಲ್ಲ. ಅದು ಅಂಗುಲ ಅಂಗುಲವಾಗಿ ನಡೆಯುತ್ತದೆ. ಈ ಪ್ರಕರಣದಲ್ಲಿ ನಾನು ತಿಳಿದುಕೊಂಡ ಮುಖ್ಯ ಸಂಗತಿಗಳಲ್ಲಿ ಇದೊಂದು.

ಅವಳು ಎಂಟನೆಯ ತರಗತಿಗೆ ಬಂದದ್ದು 2020–21ರಲ್ಲಿ. 2006–07ರಿಂದ ನಮ್ಮ ರಾಜ್ಯದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುತ್ತಿದ್ದರು. ಇವಳ ಸರದಿ ಬರುವ ಹೊತ್ತಿಗೆ ಕೋವಿಡ್ ಬಂತು, ಸೈಕಲ್ ಹಂಚಿಕೆ ನಿಂತಿತು. ಅವಳ ಅಕ್ಕಪಕ್ಕದ ಮನೆಯ ಅಣ್ಣಂದಿರೆಲ್ಲ ಆ ಸೈಕಲ್ಲಿನಲ್ಲಿಯೇ ಕಾಲು ಗೀರಿಸಿಕೊಂಡು ರಸ್ತೆಯ ಎಡಬಲ ಕಲಿತವರು. ಇವಳಿಗೆ ಸೈಕಲ್ಲಿನ ಬದಲು ಮೊಬೈಲಿನಲ್ಲಿ ಪಾಠ ಸಿಕ್ಕಿತು. ಮಧ್ಯಾಹ್ನಗಳು ಖಾಲಿ. ಮನೆಯ ಮುಂದೆ ಅಡಿಕೆ ಒಣಗಿಸುವ ವಿಶಾಲವಾದ ಅಂಗಳ. ಹದಿಮೂರನೆಯ ವಯಸ್ಸಿನಲ್ಲಿ ಅಪ್ಪಯ್ಯ ಅಲ್ಲಿ ಸ್ಕೂಟರ್ ಹತ್ತಿಸಿದರು. ಗೇರಿಲ್ಲದ 110 ಸಿಸಿ ಗಾಡಿ, ಕಲಿಯಲು ಎರಡು ದಿನ ಸಾಕಾಯಿತು.

ಹದಿನಾಲ್ಕಕ್ಕೆ ಹಾಲಿನ ಡೇರಿಯವರೆಗೆ, ಅದೂ ತೋಟದ ದಾರಿಯಲ್ಲಿಯೇ. ಎಸ್‌ಎಸ್‌ಎಲ್‌ಸಿ ವರ್ಷ ಕೈಮರದವರೆಗೆ: ಅಲ್ಲಿನ ಅಂಗಡಿಯ ಹಿಂದೆ ಗಾಡಿ ನಿಲ್ಲಿಸಿ ಬಸ್ಸು ಹತ್ತುವುದು. ಇದನ್ನು ಊರಿನಲ್ಲಿ ಯಾರೂ ತಪ್ಪೆಂದು ನೋಡಲಿಲ್ಲ. ಕಾಡುಕೋಣ ಅಡ್ಡ ಬರುವ ದಾರಿಯಲ್ಲಿ ಹುಡುಗಿ ನಡೆದು ಹೋಗುವುದಕ್ಕಿಂತ ಇದು ವಾಸಿ ಎಂದರು. ಪಿಯುಸಿಗೆ ಬಂದಾಗ ಅವಳಿಗೆ ಹದಿನೈದು ವರ್ಷ ಹತ್ತು ತಿಂಗಳು. ಮೊದಲ ಎರಡು ವಾರ ತಂದೆ ಬಿಟ್ಟು ಬಂದರು. ಮೂರನೆಯ ವಾರ ನಾಟಿಯ ಕೆಲಸ. ‘ಒಂದು ದಿನ ಹೋಗಿ ಬಾ’ ಎಂದದ್ದು ಏಳು ತಿಂಗಳಾಯಿತು.

ನಮ್ಮ ಕಾಲೇಜಿನ ಆವರಣದೊಳಗೆ ವಿದ್ಯಾರ್ಥಿಗಳ ವಾಹನ ನಿಷಿದ್ಧ, ದೊಡ್ಡ ಫಲಕವೇ ಇದೆ. ಹೀಗಾಗಿ ಗಾಡಿಗಳೆಲ್ಲ ರಸ್ತೆಯಾಚೆ ಅಡಿಕೆ ಮಂಡಿಯ ಗೋದಾಮಿನ ಹಿಂದೆ ನಿಲ್ಲುತ್ತಿದ್ದವು. ದಿನಕ್ಕೆ ಹತ್ತು ಹದಿನೈದು. ಎಲ್ಲ ಉಪನ್ಯಾಸಕರಿಗೂ ಗೊತ್ತಿತ್ತು. ನಾನೂ ನನ್ನ ಗಾಡಿಯನ್ನು ಮಳೆಗಾಲದಲ್ಲಿ ಅದೇ ಸೂರಿನ ಕೆಳಗೆ ನಿಲ್ಲಿಸುತ್ತಿದ್ದೆ. ಫಲಕ ಹಾಕಿ ನಾವು ನಿರಾಳರಾಗಿದ್ದೆವು, ಅಷ್ಟೆ.

ಸೇತುವೆಯ ಬಳಿ

2024ರ ಜನವರಿ ಮೂರನೆಯ ವಾರ. ರಸ್ತೆ ಸುರಕ್ಷತಾ ಮಾಸ ನಡೆಯುತ್ತಿತ್ತು. ಪೊಲೀಸರು ಪೇಟೆಯ ಮೊದಲ ಸೇತುವೆಯ ಬಳಿ ಬೆಳಿಗ್ಗೆಯೇ ತಪಾಸಣೆಗೆ ನಿಂತಿದ್ದರು. ಇವಳ ಮುಂದೆ ಇಬ್ಬರು ಹುಡುಗರು ಹೆಲ್ಮೆಟ್ಟಿಲ್ಲದೆ ಬೈಕಿನಲ್ಲಿ ಹೋಗುತ್ತಿದ್ದರು. ಖಾಕಿ ಕಂಡ ಕೂಡಲೇ ಗಾಡಿ ತಿರುಗಿಸಿ ಗದ್ದೆಯ ದಾರಿ ಹಿಡಿದರು. ಇವಳು ಹೆಲ್ಮೆಟ್ ಹಾಕಿಕೊಂಡಿದ್ದಳು, ನಿಧಾನವಾಗಿ ಬರುತ್ತಿದ್ದಳು, ಕೈ ತೋರಿಸಿದ ಕಡೆ ನಿಂತಳು. ಸಿಕ್ಕಿಬಿದ್ದಳು. ಲೈಸೆನ್ಸ್ ಕೇಳಿದರು. ವಯಸ್ಸು ಕೇಳಿದರು. ಸುಳ್ಳು ಹೇಳಲಿಲ್ಲ.

ಎಸ್‌ಐ ಗದರಲಿಲ್ಲ, ಅದನ್ನು ಹೇಳಲೇಬೇಕು. ಹುಡುಗಿಯನ್ನು ಕೂರಿಸಿ ಚಹಾ ತರಿಸಿಕೊಟ್ಟರು, ತಂದೆಗೆ ಫೋನು ಮಾಡಿಸಿದರು. ಅದು ಸ್ಥಳದಲ್ಲಿಯೇ ದಂಡ ಕಟ್ಟಿ ರಸೀದಿ ಹರಿಸಿಕೊಳ್ಳುವ ಪ್ರಕರಣವಲ್ಲ, ನ್ಯಾಯಾಲಯಕ್ಕೇ ಹೋಗಬೇಕು ಎಂದು ವಿವರಿಸಿದರು. ಜನ್ಮದಿನಾಂಕದ ದಾಖಲೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿ ಬೇಕಾಯಿತು. ಅದನ್ನು ಕಾಲೇಜಿನ ಕಡತದಿಂದ ತೆಗೆದುಕೊಟ್ಟವನು ನಾನು. ‘ಇದೇ ಕಾಗದ ಹಿಡಿದುಕೊಂಡು ಊರೆಲ್ಲ ಸಿಹಿ ಹಂಚಿದ್ದೆ ಮೇಷ್ಟ್ರೇ’ ಎಂದರು ತಂದೆ. 2023ರ ಎಸ್‌ಎಸ್‌ಎಲ್‌ಸಿಯಲ್ಲಿ ಅವಳಿಗೆ ಶೇಕಡಾ ತೊಂಬತ್ತಾರು ಅಂಕ.

ಕಾಯ್ದೆ ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 4ನೆಯ ಕಲಮಿನ ಪ್ರಕಾರ ಹದಿನೆಂಟು ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. 2019ರ ತಿದ್ದುಪಡಿ ಇದಕ್ಕೆ 199ಎ ಎಂಬ ಹೊಸ ಕಲಮನ್ನು ಸೇರಿಸಿತು, ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ನಡೆದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ತಪ್ಪಿತಸ್ಥರೆಂದೇ ಭಾವಿಸಲಾಗುತ್ತದೆ. ತನಗೆ ಗೊತ್ತಿಲ್ಲದೆ ನಡೆಯಿತು, ಅಥವಾ ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆ ಎಂದು ಸಾಬೀತುಪಡಿಸುವ ಹೊಣೆ ಅವರ ಮೇಲೆಯೇ. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಓಡಿಸಿದ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಜಿಲ್ಲಾ ಪುಟಗಳಲ್ಲಿ ‘ಅಪ್ರಾಪ್ತನಿಗೆ ಬೈಕ್ ಕೊಟ್ಟ ತಂದೆಗೆ 25 ಸಾವಿರ ದಂಡ’ ಎಂಬ ಸುದ್ದಿ ಈಗ ಮಳೆಯ ಸುದ್ದಿಯಷ್ಟೇ ಸಾಮಾನ್ಯ.

ಈ ಕಠಿಣತೆಗೆ ಕಾರಣವಿದೆ. ಲೈಸೆನ್ಸಿಲ್ಲದವರು ಓಡಿಸಿ ಯಾರಿಗಾದರೂ ಗಾಯವಾದರೆ ವಿಮಾ ಕಂಪನಿ ಸಂತ್ರಸ್ತರಿಗೆ ಹಣ ಕೊಟ್ಟರೂ ಅದನ್ನು ಮಾಲೀಕರಿಂದ ವಸೂಲು ಮಾಡಬಹುದು. ಒಂದು ಅಪಘಾತಕ್ಕೆ ತೋಟವೇ ಹೋದೀತು. ಕಾಯ್ದೆಯನ್ನು ನಾನು ಬೈಯುವುದಿಲ್ಲ. ಆದರೆ ಅದರೊಳಗಿನ ಒಂದು ವಿನಾಯಿತಿಯನ್ನು ಓದಿದಾಗ ನಗು ಬಂತು. 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರವನ್ನು ಹದಿನಾರು ತುಂಬಿದವರು ಓಡಿಸಬಹುದು, ಲೈಸೆನ್ಸೂ ಸಿಗುತ್ತದೆ. ಸಿಕ್ಕಿಬಿದ್ದ ದಿನ ನಮ್ಮ ಹುಡುಗಿಗೆ ಹದಿನಾರು ವರ್ಷ ಐದು ತಿಂಗಳು. ಅಂದರೆ ಕಾನೂನು ಅವಳಿಗೆ ಅನುಮತಿ ಕೊಟ್ಟಿತ್ತು, ಗಾಡಿಯನ್ನು ಮಾತ್ರ ಕೊಡಲಿಲ್ಲ. 1972ರಲ್ಲಿ ಬಂದ ಲೂನಾ, 1980ರ ಟಿವಿಎಸ್ 50, ಇವುಗಳ ಕಾಲಕ್ಕೆ ಆ ಮಾತಿಗೆ ಅರ್ಥವಿತ್ತು. ಆಮೇಲೆ ಬಂದ ಸನ್ನಿ, ಸ್ಕೂಟಿಗಳೇ 60 ಸಿಸಿ. ಇಂದು ಹಳ್ಳಿಯಲ್ಲಿ ಗೊಬ್ಬರದ ಚೀಲ ಹೊರುವ ಎಕ್ಸ್‌ಎಲ್ ಕೂಡ 100 ಸಿಸಿಯದು. ಶೋರೂಮಿನಲ್ಲಿ 50 ಸಿಸಿಯ ಹೊಸ ಸ್ಕೂಟರ್ ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ. ಎಲೆ ಹಾಕಿ ಬಡಿಸದೆ ಹೋದ ಹಾಗೆ.

ಗೇರಿಲ್ಲದ ವಿದ್ಯುತ್ ಸ್ಕೂಟರುಗಳನ್ನು ಹದಿನಾರರಿಂದ ಹದಿನೆಂಟರವರಿಗೆ ಬಿಟ್ಟುಕೊಡುವ ಮಾತು 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯದಿಂದ ಬಂದಿತ್ತು. ನಮ್ಮ ಕೈಮರದವರೆಗೆ ಅದು ತಲುಪಲಿಲ್ಲ. ಮೊಕದ್ದಮೆ ನಡೆಯುತ್ತಿದ್ದ ಫೆಬ್ರವರಿಯಲ್ಲಿಯೇ ಲೂನಾ ಎಂಬ ಹೆಸರು ಬ್ಯಾಟರಿ ಗಾಡಿಯಾಗಿ ಮಾರುಕಟ್ಟೆಗೆ ಮರಳಿತು. ತಂದೆ ಪೇಪರಿನ ತುಂಡು ಹಿಡಿದು ಓಡಿಬಂದರು. ‘ಮೇಷ್ಟ್ರೇ, ಲೂನಾ ಬಂತು!’ ಗಂಟೆಗೆ 50 ಕಿಲೋಮೀಟರ್ ಓಡುವ ಗಾಡಿ ಅದು, ನೋಂದಣಿಯೂ ಬೇಕು, ಲೈಸೆನ್ಸೂ ಬೇಕು, ಹದಿನೆಂಟೂ ತುಂಬಬೇಕು ಎಂದೆ. ತುಂಡನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಬೇರೆ ದಾರಿಗಳು

ದಂಡ ಕಟ್ಟಿದ ಮಾರನೆಯ ದಿನವೇ ಪ್ರಶ್ನೆ ಎದುರಾಯಿತು: ನಾಳೆ ಬೆಳಿಗ್ಗೆ ಏಳಕ್ಕೆ ಹೇಗೆ ಬರುವುದು?

ಆಟೊದವರು ಒಂದು ಸಲಕ್ಕೆ 250 ಕೇಳಿದರು. ತಿಂಗಳ ಲೆಕ್ಕ ಹಾಕಿ ಅಲ್ಲಿಗೇ ಬಿಟ್ಟರು. ಹಾಸ್ಟೆಲಿನಲ್ಲಿ ವರ್ಷದ ನಡುವೆ ಸೀಟಿಲ್ಲ. ತಂದೆಯೇ ಬಿಡಬೇಕೆಂದರೆ ಅಡಿಕೆಯ ಕೊನೆಕೊಯ್ಲಿನ ಕಾಲ, ಬೆಳಿಗ್ಗೆ ಕೂಲಿಯವರು ಬರುವ ಹೊತ್ತಿಗೆ ತೋಟದಲ್ಲಿರಬೇಕು, ರಾತ್ರಿ ಹನ್ನೊಂದರವರೆಗೆ ಸುಲಿತ. ಸೈಕಲ್? ಎರಡು ಏರಿನ ಹತ್ತೂವರೆ ಕಿಲೋಮೀಟರನ್ನು ಬೆಳಗಿನ ಮಂಜಿನಲ್ಲಿ ತುಳಿದು ಬಂದು ಕಲನಶಾಸ್ತ್ರ ಕೇಳು ಎಂದು ನಾನು ಯಾರಿಗೂ ಹೇಳಲಾರೆ.

ಉಳಿದದ್ದು ಗಂಟೆಗೆ 25 ಕಿಲೋಮೀಟರಿನೊಳಗೆ ಓಡುವ, 250 ವಾಟ್‌ಗಿಂತ ಕಡಿಮೆ ಶಕ್ತಿಯ ಬ್ಯಾಟರಿ ಸ್ಕೂಟರ್. ನಿಯಮದ ಲೆಕ್ಕದಲ್ಲಿ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನೋಂದಣಿ ಬೇಡ. ತಂದೆ ಮಗಳು ಇಬ್ಬರೂ ಹೋಗಿ ನೋಡಿ ಬಂದರು. ಪೇಟೆಯ ಸಮತಟ್ಟು ರಸ್ತೆಗೆ ಚೆನ್ನಾದ ಗಾಡಿ. ಪರೀಕ್ಷೆಗೆಂದು ಮೊದಲ ಏರಿಗೆ ಹತ್ತಿಸಿದಾಗ ಅರ್ಧಕ್ಕೆ ನಿಂತಿತು. ಅಂಗಡಿಯವನು ಗುಟ್ಟಾಗಿ, ಒಂದು ತಂತಿ ಕತ್ತರಿಸಿದರೆ 45ರವರೆಗೆ ಓಡುತ್ತದೆ, ಎಲ್ಲರೂ ಮಾಡಿಸುತ್ತಾರೆ ಎಂದನಂತೆ. ಒಂದು ದಂಡ ಕಟ್ಟಿ ಬಂದವರಿಗೆ ಇನ್ನೊಂದು ದಂಡದ ದಾರಿ. ಬೇಡವೆಂದು ಬಂದರು.

ಆ ವರ್ಷದ ಉಳಿದ ದಿನಗಳನ್ನು ಹುಡುಗಿ ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಕಳೆದಳು. ಎರಡು ಕೋಣೆಯ ಮನೆ, ಐದು ಜನ. ಅಲ್ಲಿ ಓದುವುದಕ್ಕಿಂತ ಹೆಚ್ಚಾಗಿ ಪಾತ್ರೆ ತೊಳೆದಳು ಎಂಬುದು ನನ್ನ ಅನುಮಾನ. ಅವಳು ಬಾಯಿಬಿಟ್ಟು ಹೇಳಲಿಲ್ಲ.

ಯಾರಿಗೆ ಯಾವುದು ಸ್ವಾತಂತ್ರ್ಯ

ಹದಿಹರೆಯದವರಿಗೆ ಗಾಡಿಯ ಹುಚ್ಚು ಎಂಬ ಮಾತನ್ನು ನಾವು ಅಧ್ಯಾಪಕರು ಬಹಳ ಸಲೀಸಾಗಿ ಆಡುತ್ತೇವೆ. ನನ್ನ ಕಾಲದಲ್ಲಿ ಆ ಹುಚ್ಚು ಸೈಕಲ್ಲಿನದು. ಗಂಟೆಗೆ ಅರ್ಧ ರೂಪಾಯಿ ಬಾಡಿಗೆಯ ದೊಡ್ಡವರ ಸೈಕಲ್ಲಿನ ಅಡ್ಡದಂಡಿಗೆಯ ಕೆಳಗಿನಿಂದ ಕಾಲು ತೂರಿಸಿ ತುಳಿದದ್ದು ಇಂದಿಗೂ ಮೊಣಕಾಲಿನಲ್ಲಿ ಗುರುತಾಗಿದೆ. ಆಗ ಬೇಕಾಗಿದ್ದದ್ದು ಎಲ್ಲಿಗಾದರೂ ಹೋಗುವುದಲ್ಲ, ಸುಮ್ಮನೆ ಹೋಗುವುದು. ಈ ಹುಡುಗಿಯಲ್ಲಿ ನಾನು ಅದನ್ನು ಹುಡುಕಿದೆ. ಗಾಡಿ ಓಡಿಸುವಾಗ ಖುಷಿಯಾಗುತ್ತಿತ್ತೇ ಎಂದು ಕೇಳಿದೆ.

‘ಹೆದರಿಕೆ ಆಗುತ್ತಿತ್ತು ಸರ್. ಎರಡನೆಯ ತಿರುವಿನಲ್ಲಿ ಲಾರಿ ಬಂದರೆ ಕಣ್ಣಿಗೆ ಬೆಳಕು ಹೊಡೆಯುತ್ತಿತ್ತು. ಬಸ್ಸಿದ್ದರೆ ನಿದ್ದೆ ಮಾಡಿಕೊಂಡು ಬರಬಹುದಿತ್ತು.’

ಈ ಉತ್ತರಕ್ಕೆ ನಾನು ಸಿದ್ಧನಿರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಇಪ್ಪತ್ತೊಂದು. ಭಾವ ಲೈಸೆನ್ಸ್ ಮಾಡಿಸಿಕೊ ಎಂದು ಮೂರು ವರ್ಷದಿಂದ ಬೆನ್ನುಹತ್ತಿದ್ದಾರೆ. ಅವನಿಗೆ ಬೇಡ. ಮೆಟ್ರೊ ಇದೆ, ಮೊಬೈಲ್ ಒತ್ತಿದರೆ ಆಟೊ ಬರುತ್ತದೆ, ಪಾರ್ಕಿಂಗಿಗೆ ಜಗಳ ಆಡಬೇಕಿಲ್ಲ ಎನ್ನುತ್ತಾನೆ. ನಮ್ಮ ತಲೆಮಾರಿಗೆ ಇದು ಗಂಡಸುತನದ ಕೊರತೆಯಂತೆ ಕಾಣುತ್ತದೆ, ಅವನಿಗೆ ಇದೇ ಆರಾಮ. ಕಾರೇ ಕಾಲಾಗಿರುವ ಅಮೆರಿಕದಲ್ಲಿಯೂ ಗಾಳಿ ಹೀಗೆಯೇ ತಿರುಗಿದೆ. ಅಲ್ಲಿ 1983ರಲ್ಲಿ ಹದಿನಾರು ವರ್ಷದವರ ಪೈಕಿ ನೂರಕ್ಕೆ 46 ಮಂದಿಯ ಬಳಿ ಲೈಸೆನ್ಸಿತ್ತು, 2014ರ ಹೊತ್ತಿಗೆ ಅದು 25ಕ್ಕೂ ಕೆಳಗೆ ಇಳಿದಿತ್ತು. ಹದಿನೆಂಟು ತುಂಬಿದವನು ಪೇಟೆಯಲ್ಲಿ ಗಾಡಿ ಬೇಡವೆನ್ನುತ್ತಾನೆ. ಹದಿನಾರರ ಹುಡುಗಿ ಹಳ್ಳಿಯಲ್ಲಿ ಹೆದರಿಕೊಂಡೇ ಓಡಿಸುತ್ತಾಳೆ. ಇಬ್ಬರ ಮನಸ್ಸಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ, ವ್ಯತ್ಯಾಸವಿರುವುದು ಬಸ್ ನಿಲ್ದಾಣದಲ್ಲಿ.

ಹಾಗೆಂದು ಎಲ್ಲ ಹುಡುಗರೂ ಇವಳಂತೆ ಎಂದರೆ ನಾನು ಸುಳ್ಳು ಹೇಳಿದಂತೆ. ಗೋದಾಮಿನ ಹಿಂದೆ ಸೈಲೆನ್ಸರ್ ಬದಲಿಸಿದ ಬೈಕುಗಳೂ ನಿಲ್ಲುತ್ತಿದ್ದವು. 2024ರ ಮೇ 19ರಂದು ಪುಣೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಓಡಿಸಿದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. 300 ಪದದ ಪ್ರಬಂಧ ಬರೆಯಬೇಕೆಂಬ ಷರತ್ತಿನ ಮೇಲೆ ಅವನಿಗೆ ಜಾಮೀನು ಸಿಕ್ಕಿದ್ದು ದೇಶವನ್ನೇ ರೇಗಿಸಿತು. ಟಿವಿಯಲ್ಲಿ ಅದನ್ನು ನೋಡಿದ ಹುಡುಗಿಯ ತಾಯಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ‘ಆ ಹುಡುಗನ ಹೆತ್ತವರೂ ನಾನೂ ಒಂದೇ ಸಾಲಿಗೆ ಬಂದೆವಲ್ಲ’ ಎಂದರು.

ತಾಯಿಯ ಪಾಲು

ಈ ಪ್ರಕರಣದಲ್ಲಿ ನನಗೆ ತಡವಾಗಿ ಅರ್ಥವಾದವರು ಅವರು. ಮೊದಲಿನಿಂದಲೂ ಮಗಳು ಗಾಡಿ ಓಡಿಸುವುದು ಅವರಿಗೆ ಇಷ್ಟವಿರಲಿಲ್ಲ. ಆದರೂ ಒಂದು ದಿನವೂ ಕೀಲಿಕೈ ಬಚ್ಚಿಡಲಿಲ್ಲ. ಯಾಕೆಂದು ಕೇಳಿದಾಗ ತಮ್ಮದೊಂದು ಕಥೆ ಹೇಳಿದರು. 1996ರಲ್ಲಿ ಎಸ್‌ಎಸ್‌ಎಲ್‌ಸಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದರು. ತವರಿನ ಕಡೆಗೆ ಹೋಗುವ ಕೊನೆಯ ಬಸ್ಸು ನಾಲ್ಕಕ್ಕೆ. ಕಾಲೇಜು ಬಿಡುವುದು ನಾಲ್ಕೂವರೆಗೆ. ಅರ್ಧ ಗಂಟೆಯ ವ್ಯತ್ಯಾಸಕ್ಕೆ ಓದು ನಿಂತಿತು, ಎರಡು ವರ್ಷಕ್ಕೆ ಮದುವೆಯಾಯಿತು. ‘ನನ್ನದು ಬಸ್ಸಿಗೆ ಹೋಯಿತು, ಇವಳದ್ದೂ ಹೋಗುವುದು ಬೇಡ ಎಂದುಕೊಂಡೆ’ ಎಂದರು.

ನ್ಯಾಯಾಲಯದ ಆದೇಶದಲ್ಲಿ ದಂಡ ಮಾತ್ರವಿತ್ತು, ನೋಂದಣಿ ರದ್ದಿನ ಮಾತಿರಲಿಲ್ಲ. ಅಲ್ಲಿಂದ ಬಂದು ಒಂದು ವಾರದ ಮೇಲೆ ಅವರು ಗಂಡನಿಗೆ ಹೇಳಿದರಂತೆ: ಗಾಡಿ ನನ್ನ ಹೆಸರಿನಲ್ಲಿದೆ, ದಂಡ ನನ್ನ ಹೆಸರಿನಲ್ಲಿ ಕಟ್ಟಿದ್ದೇವೆ, ಓಡಿಸುವುದನ್ನೂ ನಾನೇ ಕಲಿಯುತ್ತೇನೆ. ಗಂಡ ನಕ್ಕರು. ಮಗಳು ನಗಲಿಲ್ಲ. ಶನಿವಾರ ಸಂಜೆ ಚಿಕ್ಕಮ್ಮನ ಮನೆಯಿಂದ ಬಂದವಳೇ ಅಮ್ಮನನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. ಸ್ವಂತ ಅಂಗಳ ಸಾರ್ವಜನಿಕ ಸ್ಥಳವಲ್ಲ, ಅಲ್ಲಿ ಹದಿನಾರರವಳು ನಲವತ್ತನಾಲ್ಕರವರಿಗೆ ಗಾಡಿ ಕಲಿಸಲು ಯಾವ ಕಲಮೂ ಅಡ್ಡಿ ಬರುವುದಿಲ್ಲ. ಸೈಕಲ್ ತಿಳಿಯದವರಿಗೆ ಮೊದಲು ತೂಕ ನಿಲ್ಲಿಸುವುದೇ ಕಷ್ಟ. ಮೂರು ವಾರ ಎರಡು ಕಾಲನ್ನೂ ನೆಲಕ್ಕೆ ಎಳೆಯುತ್ತ ಓಡಿಸಿದರು. ಒಮ್ಮೆ ನೇರವಾಗಿ ಅಡಿಕೆ ಚಪ್ಪರದ ಕಂಬಕ್ಕೆ ಹೊಡೆದರು.

ಮಾರ್ಚಿನಲ್ಲಿ ಕಲಿಕಾ ಲೈಸೆನ್ಸ್. ಅದಾಗಿ ಮೂವತ್ತು ದಿನ ಕಾಯಬೇಕು, ಆ ಅವಧಿಯಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಏಪ್ರಿಲ್ ಕೊನೆಗೆ ಪರೀಕ್ಷೆ. ಎಂಟು ಹಾಕುವಾಗ ಎರಡನೆಯ ಸುತ್ತಿನಲ್ಲಿ ಕಾಲು ಕೆಳಗಿಟ್ಟರು, ಫೇಲು. ವಾರ ಬಿಟ್ಟು ಮತ್ತೆ ಹೋದರು. ಜೂನ್‌ನಲ್ಲಿ ದ್ವಿತೀಯ ಪಿಯುಸಿ ಶುರುವಾದಾಗ ಬೆಳಿಗ್ಗೆ ಆರೂ ಐವತ್ತೈದಕ್ಕೆ ನಮ್ಮ ಗೇಟಿನ ಮುಂದೆ ಒಂದು ಸ್ಕೂಟರ್ ನಿಂತಿತು. ಮುಂದೆ ತಾಯಿ, ಹಿಂದೆ ಮಗಳು, ಇಬ್ಬರ ತಲೆಯಲ್ಲೂ ಹೆಲ್ಮೆಟ್.

ಸ್ಟಾಫ್ ರೂಮಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ನನಗೆ ತಟ್ಟಲು ಮನಸ್ಸಾಗಲಿಲ್ಲ. ಆರೂ ಇಪ್ಪತ್ತಕ್ಕೆ ಹೊರಡಬೇಕೆಂದರೆ ಆ ಹೆಂಗಸು ನಾಲ್ಕೂವರೆಗೆ ಏಳಬೇಕು: ಕೊಟ್ಟಿಗೆ, ಹಾಲು, ತಿಂಡಿ, ಮಗಳ ಬುತ್ತಿ. ಒಂದು ಬಸ್ಸು ಮಾಡಬೇಕಾದ ಕೆಲಸವನ್ನು ಒಂದು ಹೆಂಗಸಿನ ನಿದ್ದೆಯಿಂದ ತೆಗೆದುಕೊಂಡೆವು. ಅವರಿಗೆ ಅದರಲ್ಲಿ ಹೆಮ್ಮೆಯಿತ್ತು ಎಂಬುದೂ ನಿಜ. ಆಗಸ್ಟಿನ ಹೊತ್ತಿಗೆ ಮಗಳನ್ನು ಬಿಟ್ಟು ವಾಪಸು ಹೋಗುವಾಗ ಸ್ವಸಹಾಯ ಸಂಘದ ಕಂತು ಕಟ್ಟುವುದು, ಬ್ಯಾಂಕು, ಔಷಧದ ಅಂಗಡಿ ಎಲ್ಲವನ್ನೂ ಮುಗಿಸುತ್ತಿದ್ದರು. ‘ಇವರನ್ನು ಕೇಳಬೇಕಾಗಿಲ್ಲ ಈಗ’ ಎಂದು ಗಂಡನ ಕಡೆ ಕಣ್ಣು ತೋರಿಸಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ವೇಳಾಪಟ್ಟಿ

ಇನ್ನು ನನ್ನ ಪಾಲು. ಆ ಫೆಬ್ರವರಿಯಲ್ಲಿಯೇ ಸಿಇಟಿ ತರಗತಿಯನ್ನು ಎಂಟೂವರೆಗೆ ಸರಿಸೋಣ ಎಂದು ಸಭೆಯಲ್ಲಿ ಪ್ರಸ್ತಾಪಿಸಿದೆ. ಎಂಟೂವರೆಯಿಂದ ಒಂಬತ್ತೂವರೆ, ಒಂದೇ ಗಂಟೆ, ಆದರೆ ಬಸ್ಸಿನವರೂ ಬರಬಹುದು. ಪೇಟೆಯ ಪೋಷಕರು ಒಪ್ಪಲಿಲ್ಲ. ಒಂದೂ ಮುಕ್ಕಾಲು ಗಂಟೆಗೆ ಶುಲ್ಕ ಕಟ್ಟಿದ್ದೇವೆ ಎಂದರು. ಸಹೋದ್ಯೋಗಿಯೊಬ್ಬರು, ಬೆಳಗಿನ ಹೊತ್ತು ತಲೆ ತಿಳಿಯಾಗಿರುತ್ತದೆ ಎಂದರು. ತಿರುವಿನಲ್ಲಿ ಲಾರಿಯ ಬೆಳಕು ಕಣ್ಣಿಗೆ ಹೊಡೆಸಿಕೊಂಡು ಬಂದ ತಲೆಯೂ ತಿಳಿಯಾಗಿರುತ್ತದೆಯೇ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಖಾಸಗಿ ಬಸ್ಸಿನ ಮಾಲೀಕರನ್ನು ಹೋಗಿ ಕಂಡೆವು. ಆರೂ ಇಪ್ಪತ್ತಕ್ಕೆ ಕನಿಷ್ಠ ಮೂವತ್ತು ಟಿಕೆಟ್ಟು ಖಾತರಿಯಿದ್ದರೆ ನೋಡೋಣ ಎಂದರು. ಆ ದಾರಿಯ ಮಕ್ಕಳನ್ನು ಎಣಿಸಿದರೆ ಹದಿನೇಳು. ಪಾಸಿನವರನ್ನು ಬಿಟ್ಟು ಹೇಳಿ ಎಂದರು. ಎದ್ದು ಬಂದೆವು. ನಿಗಮಕ್ಕೆ ಮನವಿ ಕೊಟ್ಟೆವು, ಸ್ವೀಕೃತಿಯ ಮೊಹರು ಬಿದ್ದ ಪ್ರತಿ ನನ್ನ ಮೇಜಿನಲ್ಲಿದೆ.

ನನ್ನ ಕೈಯಲ್ಲಿ ಆದದ್ದು ಇಷ್ಟು: 2024ರ ಜೂನ್‌ನಿಂದ ಗಣಿತದ ಎರಡು ಬೆಳಗಿನ ತರಗತಿಗಳನ್ನು ಶನಿವಾರ ಮಧ್ಯಾಹ್ನಕ್ಕೆ ಸರಿಸಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಏಳು ಗಂಟೆಯಲ್ಲಿಯೇ ಉಳಿದವು. ಮೊಕದ್ದಮೆಯ ಸುದ್ದಿ ಹಬ್ಬಿದ ವಾರ ಗೋದಾಮಿನ ಹಿಂದೆ ಮೂರು ಗಾಡಿಗಳಿದ್ದವು. ಯುಗಾದಿಯ ನಂತರ ಏಳಾದವು. ಮಳೆಗಾಲ ಮುಗಿಯುವಷ್ಟರಲ್ಲಿ ಹನ್ನೊಂದು. ನಾನು ಈಗ ಅಲ್ಲಿ ನಿಲ್ಲಿಸುವುದಿಲ್ಲ, ದಿನಾ ಎಣಿಸುವುದನ್ನು ಮಾತ್ರ ಬಿಟ್ಟಿಲ್ಲ.

ಹುಡುಗಿ 2025ರ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಪಡೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಸೇರಿದಳು. ಆಗಸ್ಟಿನಲ್ಲಿ ಹದಿನೆಂಟು ತುಂಬಿತು. ಇಪ್ಪತ್ತೈದರವರೆಗೆ ಲೈಸೆನ್ಸಿಲ್ಲ ಎಂಬ ಮಾತು ಅವಳ ಮೇಲೆ ಬೀಳುತ್ತದೆಯೇ ಎಂದು ತಂದೆ ವಕೀಲರನ್ನು ಕೇಳಿದ್ದರು. ಆದೇಶದಲ್ಲಿ ದಂಡದ ವಿಷಯ ಮಾತ್ರ ಇದೆ, ಅರ್ಜಿ ಹಾಕಿ, ಏನೆನ್ನುತ್ತಾರೋ ನೋಡೋಣ ಎಂದರಂತೆ. ಅರ್ಜಿ ಹಾಕಲು ಹುಡುಗಿಗೇ ಆಸಕ್ತಿಯಿಲ್ಲ. ‘ಇಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಸರ್, ಅದೂ ಉಚಿತ’ ಎಂದಳು ಫೋನಿನಲ್ಲಿ.

ದೀಪಾವಳಿಗೆ ಊರಿಗೆ ಬಂದಾಗ ಕೈಮರದಲ್ಲಿ ಅವಳನ್ನು ಕರೆದೊಯ್ಯಲು ತಾಯಿ ಸ್ಕೂಟರ್ ತಂದಿದ್ದರು. ಮಗಳ ಬ್ಯಾಗು ಕಾಲ ಬಳಿ, ಮಗಳು ಹಿಂದೆ. ಮಣ್ಣಿನ ದಾರಿ ಮುಗಿದು ಮನೆಯ ಉಣುಗೋಲು ದಾಟಿದ ಮೇಲೆ ತಾಯಿ ಗಾಡಿ ನಿಲ್ಲಿಸಿ ಇಳಿದು ಹಿಂದೆ ಕೂತರಂತೆ. ಅಂಗಳದವರೆಗಿನ ಆ ನೂರು ಮೀಟರ್ ಮಗಳು ಓಡಿಸಿದಳು.